ವಿಧಾನಸೌಧದ ಕಂಬ ವಾಲ್ಬಾರ್ದು: ಕ್ರಾಸ್ ಸ್ಟಿಚ್ ಮುಗಿಸಿ ಫ್ರೇಮ್ ಹಾಕ್ಸೋದು ಹೇಗೆ

ಕ್ರಾಸ್ ಸ್ಟಿಚ್‌ನಲ್ಲಿ ಬೆಂಗಳೂರಿನ ಕಟ್ಟಡ ಹೊಲಿಯೋರು ನನ್ನನ್ನ ಮತ್ತೆ ಮತ್ತೆ ಕೇಳೋದು ಒಂದೇ ವಿಷಯ. ಹೊಲಿಗೆ ಮುಗೀತು, ಈಗ ಒಗೀಬೇಕಾ, ಇಸ್ತ್ರಿ ಮಾಡ್ಬೋದಾ, ಫೋಟೋಗೆ ಕಟ್ಟು ಹಾಕೋ ಅಂಗಡೀಲಿ ಹಾಗೇ ಕೊಟ್ರೆ ಆಗತ್ತಾ? ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳ್ತಾ ಹೋದ್ರೆ ಏನಾದ್ರೂ ಒಂದು ಬಿಟ್ಟೋಗತ್ತೆ, ಅದಕ್ಕೆ ಶುರುವಿಂದ ಕೊನೇವರೆಗೂ ಒಂದೇ ಕಡೆ ಬರೀತಿದೀನಿ.

ಮೊದ್ಲೇ ಒಂದು ವಿಷಯ ಹೇಳ್ಬಿಡ್ತೀನಿ. ನವಿಲು, ಹೂಗೊಂಚಲು ಹೊಲಿದಿದ್ರೆ ಬಟ್ಟೆ ಒಂದು ಎಳೆ ಆಚೀಚೆ ಎಳೆದುಕೊಂಡಿದ್ರೂ ಯಾರ ಕಣ್ಣಿಗೂ ಬೀಳಲ್ಲ. ಕಟ್ಟಡ ಹಾಗಲ್ಲ. ವಿಧಾನಸೌಧದ ಮುಂದಿನ 12 ಕಂಬ ಪಕ್ಕಪಕ್ಕದಲ್ಲೇ ಫ್ರೇಮಿನ ಅಂಚಿಗೆ ಸಮಾನಾಂತರವಾಗಿ ನಿಂತಿರತ್ತೆ, ಬಟ್ಟೆ ಸ್ವಲ್ಪ ಸೊಟ್ಟ ಆದ್ರೂ ಹನ್ನೆರಡೂ ಒಟ್ಟಿಗೆ ವಾಲುತ್ತೆ, ಮನೆಗೆ ಬಂದೋರು ಏನೋ ಸರಿ ಇಲ್ವಲ್ಲ ಅಂತಾರೆ, ಏನು ಅಂತ ಅವ್ರಿಗೂ ಗೊತ್ತಾಗಲ್ಲ. ಆರು ತಿಂಗಳು ಕೂತು ಹೊಲಿದದ್ದು ಹೀಗಾಗ್ಬಾರ್ದು. ಕೆಳಗಿನ ಎಲ್ಲಾ ಹಂತಗಳೂ, ಒಗೆಯೋದು, ಇಸ್ತ್ರಿ, ಪಿನ್, ದಾರ, ಎಲ್ಲಾ ಇರೋದು ಬಟ್ಟೆಯ ಎಳೆ ನೆಟ್ಟಗೆ ಉಳೀಲಿ ಅಂತಾನೇ.

ಹೊಸಬರಿಗೆ ಒಂದೆರಡು ಪದ. ಕ್ರಾಸ್ ಸ್ಟಿಚ್ ಅಂದ್ರೆ ಎರಡು ಎಳೆ ಒಂದರ ಮೇಲೊಂದು ಅಡ್ಡ ದಾಟಿ X ಥರ ಕೂರೋ ಹೊಲಿಗೆ. ಐಡಾ ಅಂದ್ರೆ ಚೌಕ ಚೌಕವಾಗಿ ನೇಯ್ದಿರೋ ಹತ್ತಿ ಬಟ್ಟೆ. 14 ಕೌಂಟ್ ಅಂದ್ರೆ ಒಂದು ಇಂಚಿಗೆ 14 ಚೌಕ, ಅಂದ್ರೆ 14 ಹೊಲಿಗೆ. ಬ್ಯಾಕ್‌ಸ್ಟಿಚ್ ಅಂದ್ರೆ ಎಲ್ಲಾ ಮುಗಿದ್ಮೇಲೆ ಮೇಲಿಂದ ಎಳೆಯೋ ಗೆರೆ ಹೊಲಿಗೆ, ಕಿಟಕಿ ಕಮಾನು ಎಲ್ಲಾ ಎದ್ದು ಕಾಣೋದು ಅದ್ರಿಂದಾನೇ. ಕ್ರಾಸ್ ಸ್ಟಿಚ್ ನಮಗೇನು ಹೊಸದಲ್ಲ, ಧಾರವಾಡದ ಕಡೆ ಕಸೂತೀಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ ಇದೆಯಲ್ಲ, ಅದ್ರಲ್ಲಿ ಮೆಂತೆ ಅನ್ನೋದು ಇದೇ.

ಉದಾಹರಣೆಗೆ ಒಂದೇ ಅಳತೆ ಇಟ್ಕೊಳ್ಳೋಣ, ಲೆಕ್ಕ ಗೊಂದಲ ಆಗಲ್ಲ. ಚಾರ್ಟ್, ಅಂದ್ರೆ ಎಣಿಸಿ ಹೊಲಿಯೋ ಚೌಕದ ನಕ್ಷೆ, ಅದರ ಅಗಲ 168 ಹೊಲಿಗೆ, ಎತ್ತರ 112 ಹೊಲಿಗೆ. 14 ಕೌಂಟ್ ಬಟ್ಟೆ ಮೇಲೆ ಅದು 12 ಇಂಚು, 8 ಇಂಚು ಆಗತ್ತೆ. ಬಟ್ಟೆ 19 ಇಂಚು, 15 ಇಂಚು, ಅಂದ್ರೆ ನಾಲ್ಕೂ ಕಡೆ ಮೂರೂವರೆ ಇಂಚು ಖಾಲಿ. ಇನ್ನೂ ಹೊಲಿಯೋಕೆ ಶುರು ಮಾಡ್ದೇ ಇದ್ರೆ ಈ ಮೂರೂವರೆ ಇಂಚನ್ನ ದಯವಿಟ್ಟು ಬಿಡಿ, ಬಟ್ಟೆ ಉಳಿಸೋಕೆ ಹೋಗಿ ಒಂದಿಂಚು ಬಿಟ್ಟೋರು ಕೊನೇಲಿ ತುಂಬ ಕಷ್ಟ ಪಡ್ತಾರೆ.

ಬೇಕಾಗೋ ಸಾಮಾನು: ಒಳ್ಳೇ ಬಕೆಟ್ ಅಥವಾ ಬೇಸಿನ್, ಉಲ್ಲನ್ ಬಟ್ಟೆಗೆ ಹಾಕೋ ಸೌಮ್ಯವಾದ ಲಿಕ್ವಿಡ್ ಸೋಪು, ಎರಡು ಬಿಳೀ ಟರ್ಕಿ ಟವಲ್, 5 ಮಿಲಿಮೀಟರ್ ಫೋಮ್ ಬೋರ್ಡ್, ಹೊಸ ಬ್ಲೇಡ್ ಹಾಕಿದ ಕಟ್ಟರ್, ಸ್ಟೀಲ್ ಸ್ಕೇಲು, ತುಕ್ಕು ಹಿಡಿಯದ ಸ್ಟೀಲ್ ಗುಂಡುಪಿನ್ನು ಒಂದು ಡಬ್ಬಿ, ಗಟ್ಟಿ ಹತ್ತಿ ದಾರ (ಕ್ರೋಷೆ ದಾರ ಚೆನ್ನಾಗಾಗತ್ತೆ), ಅಳತೆ ಟೇಪು. ದಾರ ಪಿನ್ನು ಎಲ್ಲಾ ಚಿಕ್ಕಪೇಟೆ ಕಡೆ ಸಿಗತ್ತೆ, ಫೋಮ್ ಬೋರ್ಡು ದೊಡ್ಡ ಸ್ಟೇಷನರಿ ಅಂಗಡೀಲಿ ಸಿಗತ್ತೆ. ಥರ್ಮೋಕೋಲ್ ಬೇಡ, ಪಿನ್ ಚುಚ್ಚಿದ ಜಾಗದಲ್ಲಿ ಪುಡಿ ಪುಡಿ ಆಗತ್ತೆ.

ಹಂತ 1: ಮುಗೀತಾ ಅಂತ ನಿಜವಾಗ್ಲೂ ನೋಡೋದು

ಬಟ್ಟೆಯನ್ನ ಕಿಟಕಿಗೆ ಹಿಡೀರಿ. ಬೆಳಕಿನ ಚುಕ್ಕಿ ಕಂಡ ಕಡೆ ಹೊಲಿಗೆ ಬಿಟ್ಟೋಗಿದೆ ಅಂತ ಅರ್ಥ. ಆಮೇಲೆ ಮೇಜಿನ ಮೇಲೆ ಹಾಸಿ ಪಕ್ಕದಿಂದ ಬೆಳಕು ಬೀಳೋ ಹಾಗೆ ನೋಡಿ, ಎಲ್ಲಾ ಹೊಲಿಗೆಯ ಮೇಲಿನ ಎಳೆ ಒಂದೇ ದಿಕ್ಕಿಗೆ ಇದ್ಯಾ ಅಂತ. ಅಠಾರಾ ಕಚೇರಿ ಅಥವಾ ಕಬ್ಬನ್ ಪಾರ್ಕ್ ಲೈಬ್ರರಿ ಥರ ದೊಡ್ಡ ಕೆಂಪು ಗೋಡೆ ಇರೋ ಕಡೆ ಒಂದೇ ಒಂದು ಹೊಲಿಗೆ ಉಲ್ಟಾ ಇದ್ರೂ ಮಚ್ಚೆ ಥರ ಕಾಣತ್ತೆ. ಬಿಚ್ಚಿ ಮತ್ತೆ ಹಾಕಿ, ಐದು ನಿಮಿಷದ ಕೆಲಸ.

ಬ್ಯಾಕ್‌ಸ್ಟಿಚ್‌ನಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ. ಕಂಬದ ಗೆರೆ ನೇರವಾಗಿದೆ ತಾನೇ ಅಂತ 15 ಚೌಕದ ಉದ್ದಕ್ಕೂ ಒಂದೇ ಹೊಲಿಗೆ ಎಳೀತಾರೆ. ಒಗೆದ್ಮೇಲೆ ಅದು ಜೋತು ಬೀಳತ್ತೆ. ಎರಡು ಮೂರು ಚೌಕಕ್ಕೆ ಒಂದೊಂದು ಹೊಲಿಗೆ ಹಾಕಿ, ಒಂದೇ ಎಳೆ ದಾರದಲ್ಲಿ. ಲಾಲ್‌ಬಾಗ್ ಗಾಜಿನ ಮನೆ ಹೊಲಿದಿರೋರಿಗೆ ಇದು ಇನ್ನೂ ಮುಖ್ಯ, ಬಿಳೀ ಬಟ್ಟೆ ಮೇಲೆ ಬಿಳೀ ಕಬ್ಬಿಣದ ಚೌಕಟ್ಟು, ಬ್ಯಾಕ್‌ಸ್ಟಿಚ್ ಇಲ್ದೇ ಹೋದ್ರೆ ಕಟ್ಟಡಾನೇ ಕಾಣಲ್ಲ. ಬೂದು ಬಣ್ಣದ ಎಳೆ ತಗೊಳ್ಳಿ, ಕಪ್ಪು ಬೇಡ, ಕಪ್ಪು ಹಾಕಿದ್ರೆ ಜೈಲಿನ ಕಂಬಿ ಥರ ಆಗತ್ತೆ.

ಹಂತ 2: ಹಿಂಬದಿ

ಫ್ರೇಮ್ ಒಳಗೆ ಹಿಂಬದಿ ಯಾರು ನೋಡ್ತಾರೆ ಅಂತ ಅನ್ಸತ್ತೆ. ಆದ್ರೆ ಕಟ್ಟಡದ ಚಿತ್ರದಲ್ಲಿ ಮೇಲಿನ ಅರ್ಧ ಆಕಾಶ, ಅಂದ್ರೆ ಖಾಲಿ ಬಟ್ಟೆ. ಅಲ್ಲಿ ಹಿಂದಿನಿಂದ ಒಂದು ಗೋಪುರದಿಂದ ಇನ್ನೊಂದು ಗೋಪುರಕ್ಕೆ ಕೆಂಪು ದಾರ ದಾಟಿಸಿದ್ರೆ ಮುಂದಿನಿಂದ ನೆರಳು ಥರ ಕಾಣತ್ತೆ. ಅಂಥದ್ದು ಇದ್ರೆ ಕತ್ತರಿಸಿ, ಎರಡೂ ತುದಿಯನ್ನ ಹತ್ತಿರದ ನಾಲ್ಕೈದು ಹೊಲಿಗೆ ಅಡಿ ತೂರಿಸಿ ಬಿಡಿ. ಗಂಟು ಎಲ್ಲಾದ್ರೂ ಹಾಕಿದ್ರೆ ಅದನ್ನೂ ತೆಗೀರಿ, ಬೋರ್ಡಿಗೆ ಬಿಗಿದಾಗ ಗಂಟು ಮುಂದಕ್ಕೆ ಉಬ್ಬತ್ತೆ. ಗವಂತಿ ಹಾಕೋರು ಗಂಟೇ ಹಾಕಲ್ಲ, ಎರಡೂ ಬದಿ ಒಂದೇ ಥರ ಬರತ್ತೆ, ಆ ಶಿಸ್ತು ಇಲ್ಲೂ ಇದ್ರೆ ಕೆಲಸ ತುಂಬ ಸಲೀಸು.

ಹಂತ 3: ಒಗೆಯೋದು

ಹೌದು, ಒಗೀಲೇಬೇಕು. ಬಟ್ಟೆ ಎಷ್ಟೇ ಶುಭ್ರವಾಗಿ ಕಂಡ್ರೂ ಕೈಯಿನ ಎಣ್ಣೆ ಅಂಶ ಅದರಲ್ಲಿ ಇರತ್ತೆ, ಇವತ್ತು ಕಾಣಲ್ಲ, ಒಂದೆರಡು ವರ್ಷದ ಮೇಲೆ ಹಳದಿ ಕಲೆಯಾಗಿ ಏಳತ್ತೆ, ವಿಶೇಷವಾಗಿ ಹೂಪ್ (ಹೊಲಿಯೋವಾಗ ಬಟ್ಟೆ ಬಿಗಿ ಹಿಡಿಯೋ ದುಂಡು ಚೌಕಟ್ಟು) ಹಿಡಿದಿದ್ದ ಜಾಗದಲ್ಲಿ ಉಂಗುರದ ಥರ.

ಒಗೆಯೋಕೆ ಮುಂಚೆ ಬಣ್ಣ ಬಿಡತ್ತಾ ನೋಡಿ. ಒದ್ದೆ ಮಾಡಿದ ಹತ್ತಿಯನ್ನ ಹಿಂಬದೀಲಿ ಗಾಢ ಬಣ್ಣಗಳ ಮೇಲೆ ಒತ್ತಿ ಹಿಡೀರಿ, ಕೆಂಪು, ಮೆರೂನು, ಕಡು ನೀಲಿ, ಈ ಮೂರನ್ನಂತೂ ಬಿಡ್ಬೇಡಿ. 1868ರಲ್ಲಿ ಕಟ್ಟಿ ಮುಗಿಸಿದ ಅಠಾರಾ ಕಚೇರಿಯ ಆ ಕೆಂಪಿಗೆ ನೀವು ಬ್ರ್ಯಾಂಡಿಲ್ಲದ ದಾರ ಹಾಕಿದ್ರೆ ಮೇಲಿನ ಬಿಳೀ ಆಕಾಶಕ್ಕೆ ಸೀದಾ ಇಳಿಯತ್ತೆ. ಹತ್ತಿಗೆ ಬಣ್ಣ ಹತ್ತಿದ್ರೂ ಒಗೀಬೇಡಿ ಅಂತಲ್ಲ, ಪೂರ್ತಿ ತಣ್ಣೀರಲ್ಲಿ, ತುಂಬಾ ನೀರಲ್ಲಿ ಒಗೀರಿ ಅಂತ.

ಪೆನ್ನಲ್ಲಿ ಚೌಕ ಗೆರೆ ಹಾಕ್ಕೊಂಡಿದ್ದೋರು ಇಲ್ಲಿ ಹುಷಾರಾಗಿರ್ಬೇಕು. ನೀರಿಗೆ ಹೋಗೋ ನೀಲಿ ಪೆನ್ನು ತಣ್ಣೀರಲ್ಲೇ ಪೂರ್ತಿ ಹೋಗ್ಬೇಕು. ಗೆರೆ ಇದ್ದಾಗ್ಲೇ ಇಸ್ತ್ರಿ ಇಟ್ರೆ ಅದು ಬಟ್ಟೆಗೆ ಕಚ್ಚಿಕೊಳ್ಳತ್ತೆ, ಆಮೇಲೆ ಏನ್ ಮಾಡಿದ್ರೂ ಹೋಗಲ್ಲ. ಶಾಖಕ್ಕೆ ಅಳಿಸಿಹೋಗೋ ಪೆನ್ನಿನ ಕಥೆ ಬೇರೆ, ಅದು ಇಸ್ತ್ರಿಗೆ ಮಾಯ ಆಗತ್ತೆ, ತುಂಬ ತಣ್ಣಗಾದ್ರೆ ವಾಪಸ್ ಬರೋದೂ ಉಂಟು. ನಾನಂತೂ ಅದನ್ನ ಆಕಾಶದ ಭಾಗದಲ್ಲಿ ಬಳಸೋದೇ ಬೇಡ ಅಂತೀನಿ.

ಈಗ ಒಗೆಯೋದು. ಬೇಸಿನ್‌ಗೆ ತಣ್ಣೀರು, ಒಂದು ಚಮಚ ಲಿಕ್ವಿಡ್ ಸೋಪು, ಬಟ್ಟೆ ಮುಳುಗಿಸಿ ಇಪ್ಪತ್ತು ನಿಮಿಷ ಬಿಡಿ, ನಡುವೆ ಅಂಗೈಯಿಂದ ಮೆಲ್ಲಗೆ ಒತ್ತಿ. ಉಜ್ಜೋದು, ಹಿಂಡೋದು, ಕಲ್ಲಿಗೆ ಕುಕ್ಕೋದು ಇಲ್ಲ. ಬಣ್ಣ ಬಿಟ್ಟಿದ್ದು ಕಂಡ್ರೆ ಗಾಬರಿ ಬೇಡ, ಆದ್ರೆ ಒಣಗೋಕೂ ಬಿಡ್ಬೇಡಿ, ನೀರು ಬದಲಾಯಿಸ್ತಾ ಇರಿ, ಎಂಟು ಸಲ ಆದ್ರೂ ಸರಿ, ಹತ್ತು ಸಲ ಆದ್ರೂ ಸರಿ, ನೀರು ತಿಳಿಯಾಗೋವರೆಗೂ. ಒಣಗಿದ ಕಲೆ ತೆಗೆಯೋದು ತುಂಬ ಕಷ್ಟ, ಒದ್ದೆ ಇದ್ದಾಗ ಹೆಚ್ಚುಕಮ್ಮಿ ಎಲ್ಲಾ ಹೋಗತ್ತೆ.

ಬೋರ್‌ವೆಲ್ ನೀರಿನ ಮನೆಯಾದ್ರೆ ಕೊನೇ ಸಲ ಫಿಲ್ಟರ್ ನೀರಲ್ಲಿ ಜಾಲಿಸಿ. ನಲ್ಲಿ ಮೇಲೆ ಬಿಳೀ ಪುಡಿ ಕಟ್ಟತ್ತಲ್ಲ, ಅದೇ ಗಡಸು ನೀರು ಗಾಢ ಬಣ್ಣದ ದಾರದ ಮೇಲೂ ಮಂಕು ಕೂರಿಸತ್ತೆ.

ಗಂಜಿ ಮಾತ್ರ ಹಾಕ್ಬೇಡಿ. ಕಾಟನ್ ಸೀರೆಗೆ ಹಾಕೋ ಹಾಗೆ ಇದಕ್ಕೂ ಹಾಕಿದ್ರೆ ನೆಟ್ಟಗೆ ನಿಲ್ಲತ್ತೆ ಅಂತ ಅಮ್ಮಂದಿರು ಹೇಳ್ತಾರೆ, ನಿಲ್ಲತ್ತೆ ನಿಜ, ಆದ್ರೆ ಹಳೇ ಪುಸ್ತಕದಲ್ಲಿ ಓಡಾಡೋ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಅಂದ್ರೆ ಊಟ. ಮುಚ್ಚಿದ ಫ್ರೇಮ್ ಒಳಗೆ ಅದು ಸೇರಿಕೊಂಡ್ರೆ ನಿಮಗೆ ಗೊತ್ತಾಗೋಷ್ಟರಲ್ಲಿ ಬಟ್ಟೆ ತೂತಾಗಿರತ್ತೆ.

ಹಂತ 4: ಒಣಗಿಸಿ ಇಸ್ತ್ರಿ

ಬಟ್ಟೆಯನ್ನ ಟವಲ್ ಮೇಲೆ ಹಾಸಿ ಟವಲ್ ಸಮೇತ ಚಾಪೆ ಥರ ಸುತ್ತಿ ಒತ್ತಿ, ನೀರು ಟವಲ್‌ಗೆ ಹೋಗತ್ತೆ. ತಂತಿ ಮೇಲೆ ಕ್ಲಿಪ್ ಹಾಕಿ ನೇತಾಕ್ಬೇಡಿ, ಒದ್ದೆ ಬಟ್ಟೆ ತನ್ನ ಭಾರಕ್ಕೇ ಮೂಲೆ ಎಳ್ಕೊಳ್ಳತ್ತೆ, ಕಂಬ ವಾಲೋದು ಶುರುವಾಗೋದೇ ಇಲ್ಲಿ.

ಇನ್ನೂ ಸ್ವಲ್ಪ ತೇವ ಇದ್ದಾಗ್ಲೇ ಒಣ ಟವಲ್ ಮೇಲೆ ಹೊಲಿಗೆ ಮುಖ ಕೆಳಗೆ ಮಾಡಿ ಹಾಸಿ ಟೇಪ್ ತಗೊಳ್ಳಿ. ಡಿಸೈನಿನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೀರಿ, ಎರಡೂ ಸಲ ಒಂದೇ ಬಂದ್ರೆ ಬಟ್ಟೆ ಚಚ್ಚೌಕವಾಗಿದೆ ಅಂತ. ನಮ್ಮ ಅಳತೆಗೆ ಹೆಚ್ಚುಕಮ್ಮಿ 14.4 ಇಂಚು ಬರ್ಬೇಕು. ಒಂದು 14.2, ಇನ್ನೊಂದು 14.6 ಬಂದ್ರೆ ಚಿಕ್ಕದಾಗಿರೋ ಕಡೆಯ ಎರಡೂ ಮೂಲೆ ಹಿಡಿದು ಮೆಲ್ಲಗೆ ಎಳೀರಿ, ಮತ್ತೆ ಅಳೀರಿ. ಬಡಗಿಗಳು ಬಾಗಿಲ ಚೌಕಟ್ಟು ನೋಡೋದೂ ಹೀಗೇನೇ.

ಇಸ್ತ್ರಿಯನ್ನ ಜಾರಿಸ್ಬೇಡಿ. ಇಟ್ಟು, ಒತ್ತಿ, ಎತ್ತಿ, ಪಕ್ಕಕ್ಕಿಡಿ. ಕೆಳಗಿನ ಟವಲ್ ದಪ್ಪ ಇದ್ರೆ ಹೊಲಿಗೆ ಅದರೊಳಗೆ ಕೂತ್ಕೊಳ್ಳತ್ತೆ, ಚಪ್ಪಟೆ ಆಗಲ್ಲ. ಜರಿ ಥರ ಹೊಳೆಯೋ ದಾರ ಗುಮ್ಮಟದ ತುದೀಲಿ ಹಾಕಿದ್ರೆ ಅಲ್ಲಿ ಇಸ್ತ್ರಿ ತೋರಿಸ್ಲೇಬೇಡಿ.

ಹಂತ 5: ಬೋರ್ಡ್ ಕತ್ತರಿಸೋದು

ಡಿಸೈನ್ ಸುತ್ತ ಒಂದಿಂಚು ಖಾಲಿ ಕಾಣ್ಬೇಕು, ಅದರಾಚೆ ಕಾಲಿಂಚು ಫ್ರೇಮಿನ ಅಂಚಿನ ಕೆಳಗೆ ಹೋಗತ್ತೆ. ಹಾಗಾಗಿ ಬೋರ್ಡು 14.5 ಇಂಚು, 10.5 ಇಂಚು. ಫ್ರೇಮಿನ ಒಳ ಅಳತೆ ಇದಕ್ಕಿಂತ 2-3 ಮಿಲಿಮೀಟರ್ ಜಾಸ್ತಿ ಇರ್ಬೇಕು, ಯಾಕಂದ್ರೆ ಬಟ್ಟೆ ಅಂಚಿನ ಮೇಲಿಂದ ಮಡಚಿ ಹೋಗತ್ತೆ, ಅದರ ದಪ್ಪಕ್ಕೆ ಜಾಗ ಬೇಕು. ಇದನ್ನ ಲೆಕ್ಕ ಹಾಕ್ದೇ ಇದ್ರೆ ಅಂಗಡಿಯೋರು ಒತ್ತಿ ತುರುಕ್ತಾರೆ, ಬಿಗಿದದ್ದೆಲ್ಲಾ ಸಡಿಲ ಆಗತ್ತೆ.

ಕಟ್ಟರಿಂದ ಒಂದೇ ಸಲ ಜೋರಾಗಿ ಕೊಯ್ಯೋಕೆ ಹೋಗ್ಬೇಡಿ, ಅದೇ ಗೆರೆ ಮೇಲೆ ಮೂರ್ನಾಲ್ಕು ಸಲ ಹಗುರವಾಗಿ ಎಳೀರಿ. ಆಸಿಡ್ ಇಲ್ಲದ ಬೋರ್ಡು ಸಿಕ್ರೆ ಅದನ್ನೇ ತಗೊಳ್ಳಿ, ಮಾಮೂಲಿ ರಟ್ಟು ವರ್ಷ ಕಳೆದ ಹಾಗೆ ಹಳದಿ ಆಗಿ ಬಟ್ಟೆಗೂ ಹತ್ತಿಸತ್ತೆ. ಸಿಗ್ಲಿಲ್ಲ ಅಂದ್ರೆ ಚೆನ್ನಾಗಿ ಒಗೆದ ಬಿಳೀ ಹತ್ತಿ ಬಟ್ಟೆ ಒಂದು ಪದರ ಬೋರ್ಡಿಗೆ ಸುತ್ತಿ, ಅದರ ಮೇಲೆ ಐಡಾ. ಹೀಗೆ ಮಾಡಿದ್ರೆ ಆಕಾಶವೂ ಬೆಳ್ಳಗೆ ಕಾಣತ್ತೆ, ಹಿಂದಿನ ದಾರದ ಉಬ್ಬೂ ಮುಚ್ಚತ್ತೆ.

ಹಂತ 6: ಪಿನ್ ಹಾಕೋದು, ಎಲ್ಲಕ್ಕಿಂತ ಮುಖ್ಯವಾದದ್ದು

ಒಂದು ಮಧ್ಯಾಹ್ನ ಪೂರ್ತಿ ಇದಕ್ಕೆ ಇಡಿ. ಅವಸರ ಇದ್ರೆ ನಾಳೆ ಮಾಡಿ.

ಡಿಸೈನಿನ ನಾಲ್ಕೂ ಅಂಚಿಂದ ಹೊರಕ್ಕೆ 17 ಚೌಕ ಎಣಿಸಿ, ಆ ಸಾಲಿನ ತೂತುಗಳಲ್ಲಿ ಬಣ್ಣದ ದಾರ ಒಂದು ಎಳೆ ದೊಡ್ಡ ದೊಡ್ಡದಾಗಿ ಓಡಿಸಿ, ಆಮೇಲೆ ತೆಗೀಬೋದು. ಆ ದಾರದ ಗೆರೆ ಬೋರ್ಡಿನ ಅಂಚಿನ ಮೇಲೆ ಸರಿಯಾಗಿ ಕೂರ್ಬೇಕು, ನಾಲ್ಕೂ ಕಡೆ. ಒಂದೂಕಾಲು ಇಂಚು ಅಂದ್ರೆ ಹದಿನೇಳೂವರೆ ಚೌಕ, ಹಾಗಾಗಿ 17 ಚೌಕಕ್ಕೆ ಬಟ್ಟೆ ಬೋರ್ಡಿಗಿಂತ ಒಂದು ಕೂದಲೆಳೆ ಚಿಕ್ಕದು, ಎಳೆದು ಕೂರಿಸಿದಾಗ ಹದವಾಗಿ ಬಿಗಿಯಾಗತ್ತೆ.

ಮೇಲಿನ ಅಂಚಿನ ಸರೀ ಮಧ್ಯದಲ್ಲಿ ಮೊದಲ ಪಿನ್ನು, ಬೋರ್ಡಿನ ದಪ್ಪದೊಳಕ್ಕೆ ನೇರ ಹೋಗೋ ಹಾಗೆ. ಆಮೇಲೆ ಕೆಳಗಿನ ಮಧ್ಯ, ಎಡ, ಬಲ. ಅಲ್ಲಿಂದ ಮಧ್ಯದಿಂದ ಮೂಲೆ ಕಡೆಗೆ ಅರ್ಧರ್ಧ ಇಂಚಿಗೆ ಒಂದೊಂದು, ಮೇಲೊಂದು ಹಾಕಿದ್ರೆ ಅದಕ್ಕೆ ಎದುರಾಗಿ ಕೆಳಗೊಂದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗ್ಬೇಡಿ, ಹಾಗೆ ಮಾಡಿದ್ರೆ ಬಟ್ಟೆ ಒಂದು ಕಡೆಗೆ ನೂಕಿಕೊಂಡು ಹೋಗಿ ಕೊನೇ ಮೂಲೇಲಿ ನೆರಿಗೆ ಬೀಳತ್ತೆ.

ಎಲ್ಲಾ ಪಿನ್ ಆದ್ಮೇಲೆ ಬೋರ್ಡನ್ನ ಸಪಾಟಾದ ಮೇಜಿನ ಮೇಲೆ ಗೋಡೆಗೆ ಒರಗಿಸದೆ ನೆಟ್ಟಗೆ ನಿಲ್ಲಿಸಿ ಯಾರ ಕೈಲಾದ್ರೂ ಹಿಡಿಸಿ. ಗಾರೆ ಕೆಲಸದೋರು ಗೋಡೆ ನೆಟ್ಟಗಿದ್ಯಾ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ, ನಾನು ಅದನ್ನೇ ಮಾಡೋದು, ಒಂದು ಕಪ್ಪು ದಾರಕ್ಕೆ ಬೀರು ಬೀಗದ ಕೈ ಕಟ್ಟಿ ಮೇಲಿನ ಮಧ್ಯದ ಪಿನ್ನಿಗೆ ನೇತಾಕ್ತೀನಿ. ಬೀಗದ ಕೈ ತೂಗಾಡೋದು ನಿಂತ್ಮೇಲೆ ನೋಡಿ. ವಿಧಾನಸೌಧ ಆದ್ರೆ ದಾರ ಗುಮ್ಮಟದ ಮೇಲಿನ ಸಿಂಹದ ನಡುವಿಂದ ಇಳಿದು, ಗುಮ್ಮಟವನ್ನ ಸಮ ಸೀಳಿ, ಎಡಕ್ಕೆ ಆರು ಬಲಕ್ಕೆ ಆರು ಕಂಬ ಬಿಟ್ಟು, ಮೆಟ್ಟಿಲ ಮಧ್ಯಕ್ಕೆ ಬರ್ಬೇಕು. ದಾರ ಮೇಲೆ ಒಂದೇ ಸಾಲಿನ ತೂತಲ್ಲಿ ಶುರುವಾಗಿ ಕೆಳಗೆ ಪಕ್ಕದ ಸಾಲಿಗೆ ಹೋಗಿದ್ರೆ ಎಷ್ಟು ಚೌಕ ತಪ್ಪಿದೆ ಅಂತ ಅಲ್ಲೇ ಎಣಿಸ್ಬೋದು. ಒಂದು ಚೌಕ ಅಂದ್ರೂ ಪಿನ್ನು ತೆಗೆದು ಮತ್ತೆ ಹಾಕಿ. ಬೇಜಾರಾಗತ್ತೆ, ಗೊತ್ತು, ಆದ್ರೆ ಈಗ ಬಿಟ್ರೆ ಮುಂದೆ ಸರಿ ಮಾಡೋಕೆ ದಾರೀನೇ ಇಲ್ಲ.

ಒಂದೇ ಚಿತ್ರದಲ್ಲಿ ತುಂಬಾ ಕಟ್ಟಡ ಇದ್ರೆ, ಅಂದ್ರೆ ಕೆಂಪೇಗೌಡ ಗೋಪುರ, ಟೌನ್ ಹಾಲ್, ದೊಡ್ಡ ಬಸವಣ್ಣನ ಗುಡಿ, ಮೆಟ್ರೋ ಎಲ್ಲಾ ಸಾಲಾಗಿ, ಆಗ ಮಧ್ಯದಲ್ಲಿ ಒಂದೇ ಕಡೆ ನೋಡಿದ್ರೆ ಸಾಲದು, ಎಡತುದಿ ಬಲತುದಿ ಎರಡೂ ಕಡೆ ದಾರ ಬಿಟ್ಟು ನೋಡಿ. ನೆಲದ ಗೆರೆ ಎಡದಿಂದ ಬಲಕ್ಕೆ ಒಂದೇ ಸಾಲಿನ ತೂತಲ್ಲಿ ಹೋಗಿದ್ಯಾ ಅಂತಾನೂ ಸ್ಕೇಲಿಟ್ಟು ನೋಡಿ.

ಹಂತ 7: ಹಿಂದೆ ದಾರ ಬಿಗಿಯೋದು

ಇದಕ್ಕೆ ಲೇಸಿಂಗ್ ಅಂತಾರೆ, ಶೂ ಲೇಸ್ ಹಾಕ್ದಂಗೇನೇ. ಬೋರ್ಡ್ ಮಗುಚಿ, ಮಡಚಿರೋ ಬಟ್ಟೆಯ ಮೇಲಂಚಿಂದ ಕೆಳಂಚಿಗೆ ಗಟ್ಟಿ ದಾರ ಅಂಕುಡೊಂಕಾಗಿ ಓಡಿಸಿ, ಮಧ್ಯದಲ್ಲಿ ಶುರು ಮಾಡಿ ಒಂದು ತುದಿಗೆ, ಮತ್ತೆ ಮಧ್ಯದಿಂದ ಇನ್ನೊಂದು ತುದಿಗೆ. ಆಮೇಲೆ ಎಡ-ಬಲ. ಬಟ್ಟೆ ಅಂಚಿಂದ ಅರ್ಧ ಇಂಚು ಒಳಗೆ ಸೂಜಿ ಹಾಕಿ, ತೀರಾ ಅಂಚಲ್ಲಿ ಹಾಕಿದ್ರೆ ಎಳೆ ಬಿಚ್ಚತ್ತೆ. ಮೂಲೆಗಳನ್ನ ಲಕೋಟೆ ಥರ ಮಡಚಿ ನಾಲ್ಕು ಹೊಲಿಗೆ. ಕೊನೇಲಿ ಪಿನ್ನು ತೆಗೀಬೋದು, ಬಿಡ್ಲೂಬೋದು, ಬಿಡೋದಾದ್ರೆ ತುಕ್ಕು ಹಿಡಿಯದ್ದೇ ಆಗಿರ್ಬೇಕು.

ಡಬಲ್ ಟೇಪು, ಫೆವಿಕಾಲ್ ಸಾಕಲ್ವಾ ಅಂತ ಕೇಳ್ತೀರ. ಬೇಡ. ಅಂಟು ಹಳದಿ ಆಗತ್ತೆ, ಟೇಪು ಬಿಸಿಲುಗಾಲದಲ್ಲಿ ಜಾರತ್ತೆ, ಮತ್ತೆ ಬಿಚ್ಚಿ ಒಗೀಬೇಕು ಅಂದ್ರೆ ಆಗಲ್ಲ. ದಾರ ಆದ್ರೆ ಕತ್ತರಿಸಿದ್ರಾಯ್ತು, ಬಟ್ಟೆ ಹೊಲಿದ ದಿನದ ಹಾಗೇ ಸಿಗತ್ತೆ.

ಹಂತ 8: ಫ್ರೇಮ್ ಅಂಗಡಿ

ನಮ್ಮೂರಿನ ಕಟ್ಟು ಹಾಕೋರು ದೇವರ ಫೋಟೋ, ಮದುವೆ ಫೋಟೋಗೆ ಹಾಕಿ ಹಾಕಿ ಕೈ ಪಳಗಿದೋರು, ಆದ್ರೆ ಫೋಟೋ ಕಾಗದ, ಇದು ಬಟ್ಟೆ. ನನ್ನ ಮೊದಲ ಗಾಜಿನ ಮನೆಯನ್ನ ಬೋರ್ಡಿಗೆ ಬಿಗಿಯದೆ ಹಾಗೇ ಕೊಟ್ಟಿದ್ದೆ, ಅಂಗಡಿಯೋರು ಅಂಚಿನ ಬಟ್ಟೆ ಎಲ್ಲಾ ಕತ್ತರಿಸಿ ಹಾರ್ಡ್‌ಬೋರ್ಡಿಗೆ ಅಂಟಿಸಿಬಿಟ್ಟಿದ್ರು, ಅದನ್ನ ಮತ್ತೆ ಬಿಗಿಯೋಕೆ ಬಟ್ಟೇನೇ ಉಳಿದಿರ್ಲಿಲ್ಲ. ಅದಕ್ಕೇ ಬಿಗಿದ ಬೋರ್ಡನ್ನೇ ತಗೊಂಡು ಹೋಗಿ ಅನ್ನೋದು. ಹೋಗಿ ಹೀಗೆ ಹೇಳಿ: "ಅಣ್ಣಾ, ಇದು ಕೈ ಹೊಲಿಗೆ. ಕತ್ತರಿಸ್ಬೇಡಿ, ಗಮ್ ಬೇಡ, ಗಾಜು ಹೊಲಿಗೆಗೆ ತಾಗ್ಬಾರ್ದು."

ಮೂರನೇ ಮಾತು ಬಹಳ ಮುಖ್ಯ. ಗಾಜು ತಾಗಿದ್ರೆ ಹೊಲಿಗೆ ಚಪ್ಪಟೆ ಆಗತ್ತೆ, ಮಳೆಗಾಲದಲ್ಲಿ ಗಾಜಿನ ಒಳಗಡೆ ತೇವ ಕಟ್ಟಿ ಬಟ್ಟೆಗೆ ಬೂಷ್ಟು ಹಿಡಿಯತ್ತೆ. ಗಾಜಿಗೂ ಬಟ್ಟೆಗೂ ನಡುವೆ 4 ಮಿಲಿಮೀಟರ್ ಪಟ್ಟಿ, ಅದಕ್ಕೆ ಸ್ಪೇಸರ್ ಅಂತಾರೆ, ಹಾಕ್ಸಿ. ಪಟ್ಟಿ ಫ್ರೇಮಿನ ಅಂಚಿನ ಹಿಂದೇನೇ ಕೂರತ್ತೆ, ಹೊರಗೆ ಕಾಣಲ್ಲ.

ಇದಕ್ಕೆ ಆಳವಾದ ಬೀಡಿಂಗ್ ಬೇಕು, ಬೀಡಿಂಗ್ ಅಂದ್ರೆ ಫ್ರೇಮಿನ ಮರದ ಅಥವಾ ಫೈಬರಿನ ಪಟ್ಟಿ. ಲೆಕ್ಕ ಹಾಕಿ: ಗಾಜು 2, ಸ್ಪೇಸರ್ 4, ಬೋರ್ಡು 5, ಹಿಂದಿನ ಬಟ್ಟೆ ದಾರ 3, ಹಿಂಬದಿ ಹಾರ್ಡ್‌ಬೋರ್ಡು 3, ಒಟ್ಟು 17 ಮಿಲಿಮೀಟರ್. ಮಾಮೂಲಿ ಫೋಟೋ ಫ್ರೇಮಿಗೆ ಇಷ್ಟು ಆಳ ಇರಲ್ಲ, ಬಾಕ್ಸ್ ಥರದ್ದು ತೋರ್ಸಿ ಅಂತ ಕೇಳಿ, ಸ್ಕೇಲು ಇಟ್ಟು ನೀವೇ ಅಳೀರಿ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. ಚಿನ್ನದ ಬಣ್ಣದ ನಕಾಸಿ ಬೀಡಿಂಗ್ ದೇವರ ಪಟಕ್ಕೆ ಚೆಂದ, ಕಲ್ಲಿನ ಕಟ್ಟಡಕ್ಕೆ ಅದು ಮೇಲೆ ಬಿದ್ದ ಹಾಗಿರತ್ತೆ. ವಿಧಾನಸೌಧದ ಗ್ರಾನೈಟಿಗೆ ತೆಳುವಾದ ಕಡು ಕಂದು ಅಥವಾ ಬೂದು, ಅಠಾರಾ ಕಚೇರಿಯ ಕೆಂಪಿಗೆ ತೇಗದ ಬಣ್ಣ, ಗಾಜಿನ ಮನೆಗೆ ಬಿಳಿ. ಪಾಲಿಷ್ ಮಾಡದ ಸರಳ ಪಟ್ಟಿಯಾದ್ರೆ ಇನ್ನೂ ಒಳ್ಳೇದು.

ಮುಚ್ಚೋಕೆ ಮುಂಚೆ ಹಾರ್ಡ್‌ಬೋರ್ಡಿನ ಒಳಗೆ ನುಸಿ ಗುಳಿಗೆ ಹಾಕ್ಬೇಡಿ. ಹಿಂದೆ ಒಂದು ಚೀಟೀಲಿ ಪೆನ್ಸಿಲಿಂದ ನಿಮ್ಮ ಹೆಸರು, ವರ್ಷ, ದಾರದ ಬ್ರ್ಯಾಂಡು, ಬಣ್ಣದ ನಂಬರ್ ಬರೆದು ಹೊರಗಡೆ ಅಂಟಿಸಿ, ಮುಂದೆ ಒಂದು ಎಳೆ ಕಿತ್ರೂ ಅದೇ ಬಣ್ಣ ಹುಡುಕ್ಬೋದು. ಮನೆಗೆ ತರೋವಾಗ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಬರ್ಬೇಡಿ, ಆಟೋ ಮಾಡಿ, ತೊಡೆ ಮೇಲಿಟ್ಕೊಳ್ಳಿ.

ಹಂತ 9: ಗೋಡೆಗೆ

ಪಶ್ಚಿಮದ ಬಿಸಿಲು ಬೀಳೋ ಗೋಡೆ ಬೇಡ, ದಾರದ ಬಣ್ಣ ಇಳಿಯತ್ತೆ. ಬಚ್ಚಲು ಮನೆಗೆ ಅಂಟಿದ ಗೋಡೆ, ಮಳೆಗೆ ನೆನೆಯೋ ಹೊರಗೋಡೆ ಇವೂ ಬೇಡ. ಒಂದೇ ಮೊಳೆಗೆ ನೇತಾಕಿದ್ರೆ ಬಾಗಿಲು ಜೋರಾಗಿ ಹಾಕ್ದಾಗೆಲ್ಲಾ ಫ್ರೇಮು ಓಲತ್ತೆ, ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ಕಂಬ ಮತ್ತೆ ಸೊಟ್ಟ. ಎರಡು ಸ್ಕ್ರೂ ಹಾಕಿ, ಮೊಬೈಲಿನ ಲೆವೆಲ್ ಇಟ್ಟು ನೋಡಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕುರ್ಚಿ ಕಾಲಿಗೆ ಅಂಟಿಸೋ ರಬ್ಬರ್ ಬಿಲ್ಲೆ ಅಂಟಿಸಿದ್ರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡತ್ತೆ. ಗಾಜು ಒರೆಸೋವಾಗ ಸ್ಪ್ರೇಯನ್ನ ಬಟ್ಟೆಗೆ ಹೊಡೆದು ಒರೆಸಿ, ಗಾಜಿಗೆ ನೇರ ಹೊಡೆದ್ರೆ ಅಂಚಿಂದ ಒಳಗಿಳಿಯತ್ತೆ.

ಮೊದಲ ಮಳೆಗಾಲ ಕಳೆದು ದಸರಾಗೆ ಮನೆ ಧೂಳು ಹೊಡೆಯೋವಾಗ ಒಂದು ಸಲ ಕೆಳಗಿಳಿಸಿ ಹಿಂಬದಿ ಮುಟ್ಟಿ ನೋಡಿ. ಹಾರ್ಡ್‌ಬೋರ್ಡು ತಣ್ಣಗೆ ಮೆತ್ತಗೆ ಅನ್ಸಿದ್ರೆ, ಇಲ್ಲಾ ಗಾಜಿನ ಒಳಗೆ ಮಂಜು ಥರ ಕಂಡ್ರೆ ಹಿಂದಿನ ಟೇಪು ಬಿಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿ, ಬೇರೆ ಗೋಡೆ ನೋಡಿ.